ಮೊದಲ ಎಲೆಕ್ಟ್ರಿಕ್ ಬ್ಲೂಸ್ ಎಲ್‌ಪಿ ಯಾವುದು ತಗೊಳ್ಳಲಿ?

ಹೊಸಕಿವಿ: ಅಪ್ಪನ ಟರ್ನ್‌ಟೇಬಲ್ ರಿಪೇರಿ ಮಾಡಿಸಿದೆ. ಐದು ಸಾವಿರದೊಳಗೆ ಗಿಟಾರ್ ಮುಂದಿರುವ ಬ್ಲೂಸ್ (ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ) ಎಲ್‌ಪಿ ರೆಕಾರ್ಡ್ ಒಂದು ಬೇಕು. ಮನೆಯವಳು ವೀಣೆ ಕಲಿತವಳು, ಇದೆಲ್ಲ ಒಂದೇ ಥರ ಕೇಳುತ್ತೆ ಅಂತಾಳೆ. ಅವಳಿಗೂ ಹಿಡಿಸಬೇಕು. ನೀವೆಲ್ಲ ಯಾವುದರಿಂದ ಶುರು ಮಾಡಿದ್ರಿ?

ಹದಿಮೂರರ ತಂತಿ: ಸ್ಟೀವಿ ರೇ ವಾನ್, ‘ಟೆಕ್ಸಸ್ ಫ್ಲಡ್’, 1983. ಬೇರೆ ಮಾತೇ ಇಲ್ಲ. ಕೇಳಿದ ವಾರವೇ ಅವನ ಹಾಗೆ 13ರ (ತುಂಬ ದಪ್ಪ) ತಂತಿ ತಂದು ನನ್ನ ಗಿಟಾರ್‌ಗೆ ಹಾಕಿದೆ. ಸೆಟ್‌ಗೆ 950. ಎರಡನೇ ದಿನ ಉಂಗುರ ಬೆರಳಿನ ಚರ್ಮ ಕಿತ್ತು ಬಂತು. ಮೂರನೇ ವಾರ ಗಿಟಾರ್‌ನ ಕತ್ತು (ನೆಕ್) ಬಿಲ್ಲಿನ ಹಾಗೆ ಬಾಗಿತ್ತು. ನೆಕ್ ಒಳಗಿನ ಸಲಾಕೆ (ಟ್ರಸ್ ರಾಡ್) ಸರಿ ಮಾಡಿಸಲು 1,800, ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ (ನಟ್) ಬದಲಿಸಲು 700, ಆಟೋಗೆ 340. ಒಟ್ಟು 3,790. ಎಲ್‌ಪಿಗಿಂತ ಜಾಸ್ತಿ! ಆದರೂ ಬೇಜಾರಿಲ್ಲ.

ಮೂರನೇ ಮಹಡಿ: ವಾನ್ ತಂತಿಯ ಶ್ರುತಿ ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದ ಸ್ವಾಮಿ. ಇಳಿಸದೆ 13 ಹಾಕಿದರೆ ನೆಕ್ ಬಾಗದೆ ಇನ್ನೇನಾಗುತ್ತೆ? ನನ್ನದು ಇಂಗ್ಲೆಂಡಿನ ಜಾನ್ ಮೇಯಾಲ್, ಎರಿಕ್ ಕ್ಲಾಪ್ಟನ್ ಸೇರಿ ಮಾಡಿದ 1966ರ ಆಲ್ಬಮ್. ಲೆಸ್ ಪಾಲ್ ಗಿಟಾರ್, ಮಾರ್ಷಲ್ ಆಂಪ್ (ಆಂಪ್ಲಿಫೈಯರ್), ಅದೂ ಪೂರ್ತಿ ಜೋರು. ಆ ಸದ್ದಿಗಾಗಿ 40 ವ್ಯಾಟ್‌ನ ವಾಲ್ವ್ ಆಂಪ್ ತಂದೆ, 62,000. ವಾಲ್ಯೂಮ್ ಎರಡು ದಾಟಿಸಿದ್ದು ಒಂದೇ ಸಲ. ಮನೆ ಓನರ್ ಹತ್ತಿ ಬಂದ್ರು. ಈಗ ಅದರ ಮೇಲೆ ತುಳಸಿ ಕುಂಡ ಇದೆ.

ರೀಗಲ್ ಭಕ್ತ: ಆ ಆಲ್ಬಮ್‌ನ ಮೊದಲ ಹಾಡು ಅಮೆರಿಕದ ಓಟಿಸ್ ರಷ್ ಅವರದ್ದು. ಅದರಲ್ಲಿರುವ ‘ಹೈಡ್‌ಅವೇ’ ಕೂಡ ಅಲ್ಲಿನವರೇ ಆದ ಫ್ರೆಡ್ಡಿ ಕಿಂಗ್ ಅವರದ್ದು. ಅಸಲಿ ಇರುವಾಗ ನಕಲು ಯಾಕೆ?

ಬಿ.ಬಿ. ಕಿಂಗ್ ಕೇಳಿ. ‘ಲೈವ್ ಅಟ್ ದ ರೀಗಲ್’, 1964ರ ನವೆಂಬರ್ 21ರಂದು ಶಿಕಾಗೋದ ರೀಗಲ್ ಥಿಯೇಟರಲ್ಲಿ ಧ್ವನಿಮುದ್ರಣ. ಹಾಡುವಾಗ ಗಿಟಾರ್ ಸುಮ್ಮನಿರುತ್ತೆ, ಸಾಲು ಮುಗಿದ ಮೇಲೆ ಉತ್ತರ ಕೊಡುತ್ತೆ. ‘ಏಳು ಮಕ್ಕಳನ್ನು ಕೊಟ್ಟೆ, ಈಗ ವಾಪಸ್ ಕೊಡ್ತೀನಿ ಅಂತೀಯಾ’ ಅನ್ನೋ ಸಾಲು ಬಂದಾಗ ಜನ ಕಿರುಚುವುದಿದೆಯಲ್ಲ, ಅದಕ್ಕೇ ದುಡ್ಡು ಕೊಟ್ಟೆ. ಹೊರದೇಶದಿಂದ ತರಿಸಿದ್ದು: ಎಲ್‌ಪಿ 2,900, ಸಾಗಣೆ 2,150, ಸುಂಕ 1,620. ಬಂದಾಗ ಹಪ್ಪಳದ ಹಾಗೆ ಸೊಟ್ಟ. ಎರಡು ಗಾಜಿನ ನಡುವೆ ಇಟ್ಟು, ಮೇಲೆ ಅಜ್ಜಿಯ ರುಬ್ಬುಗುಂಡು ಹೇರಿ ಹನ್ನೊಂದು ದಿನ ಕಾದೆ. ಮೊದಲ ಹಾಡು ಈಗಲೂ ಕುಣಿಯುತ್ತೆ.

ಮೂರನೇ ಮಹಡಿ: ನಕಲು ಅನ್ನೋ ಮಾತು ವಾಪಸ್ ತಗೊಳ್ಳಿ. ಆ ಹುಡುಗರು ನುಡಿಸಿದ್ದಕ್ಕೇ ಫ್ರೆಡ್ಡಿ ಕಿಂಗ್ ಹೆಸರು ನನ್ನ ಕಿವಿಗೆ ಬಿದ್ದದ್ದು.

ರೀಗಲ್ ಭಕ್ತ: ನಿಮ್ಮ ಕಿವಿಗೆ ಬಿದ್ದದ್ದು ತಡ ಆದರೆ ಅದು ಫ್ರೆಡ್ಡಿ ತಪ್ಪಾ?

ಎಡಗೈ: ಜಗಳ ಸಾಕು. ಬ್ಲೂಸ್ ಗಿಟಾರ್ ವಾದಕ ಬಡ್ಡಿ ಗೈ ಅವರನ್ನು 2011ರಲ್ಲಿ ಮುಂಬಯಿಯ ಮೆಹಬೂಬ್ ಸ್ಟುಡಿಯೋದಲ್ಲಿ ನೋಡಿದೆ. ಬಸ್ಸಲ್ಲಿ ಹೋಗಿ ಬಸ್ಸಲ್ಲೇ ಬಂದೆ, ಸೋಮವಾರ ರಜೆಯ ಸಂಬಳ ಕಟ್. ಆದರೆ ನನ್ನ ಆಲ್ಬಮ್ ಆಲ್ಬರ್ಟ್ ಕಿಂಗ್ ಅವರ 1967ರದ್ದು, ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’. ನನ್ನ ಹಾಗೇ ಎಡಗೈ. ಬಲಗೈಯವರ ಹಾಗೆ ತಂತಿ ಕಟ್ಟಿದ ಗಿಟಾರನ್ನೇ ತಿರುಗಿಸಿ ಹಿಡಿದವರು. ತೆಳು ತಂತಿ ಮೇಲೆ ಬರುತ್ತೆ, ಅದನ್ನು ಕೆಳಕ್ಕೆ ಜಗ್ಗುತ್ತಾರೆ. ವಾನ್ ಕಲಿತದ್ದು ಇವರನ್ನು ಕೇಳಿಯೇ. ಗುರು ಇರುವಾಗ ಶಿಷ್ಯನ ತಂತಿಗೆ 3,790 ಯಾಕೆ ಸುರಿದ್ರೋ!

ಹದಿಮೂರರ ತಂತಿ: ನನ್ನ ದುಡ್ಡು ರೀ, ನಿಮಗೇನು ನಷ್ಟ?

ಹೊಸಕಿವಿ: ಆಲ್ಬರ್ಟ್ ಕಿಂಗ್ ಮೊಬೈಲಲ್ಲಿ ಹಾಕಿದೆ. ಮನೆಯವಳು ಅಡುಗೆಮನೆಯಿಂದ ಬಂದು, ವೀಣೆ ಥರ ಒಂದೇ ಮೆಟ್ಟಿಲಲ್ಲಿ ತಂತಿ ಎಷ್ಟು ಎಳೀತಾನೆ ನೋಡು, ಅಂದಳು. ಇದನ್ನೇ ತಗೊಳ್ಳಲಾ? ಎಲ್‌ಪಿ ಎಲ್ಲಿ ಸಿಗುತ್ತೆ?

ಮೂರನೇ ಮಹಡಿ: ಅದಿರಲಿ. ಟ್ರಸ್ ರಾಡ್ ತಿರುಗಿಸಲು 1,800 ಕೊಟ್ರಾ? ನಾನು 400 ಕೊಟ್ಟಿದ್ದು.