ಬರಲಿ ಬರಲಿ, ಹೋಲ್ಡಾನ್!

ಟೆಕ್ಸಸ್‌ನಲ್ಲಿ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್, ಪ್ಲೇನೋ ಕಡೆ ಹಳೇ ಬಡಾವಣೆಗಳಲ್ಲಿ ಎಷ್ಟೋ ಮನೆಗಳ ಮುಂದೆ ಬರೀ ಹುಲ್ಲು, ಹೂವು. ಗ್ಯಾರೇಜ್ ಹಿತ್ತಿಲ ಕಡೆ. ಹಿಂದಿನ ಗಲ್ಲಿಯಲ್ಲಿ ಬಂದು, ಅಡ್ಡಕ್ಕೆ ತಿರುಗಿ, ಡ್ರೈವ್‌ವೇಗೆ ನುಗ್ಗಬೇಕು. ಕಾರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ನಮ್ಮ ಭಾವ ಈಗ ಕಾರು ಸಾಗಿಸುವ ಟ್ರೇಲರ್ ತಂದಿದ್ದಾರೆ.

ಟ್ರೇಲರ್ ಯಾಕೆ? 1967ರ ಮಸ್ಟಾಂಗ್ ಕಾರಿಗೆ. ಮಸ್ಟಾಂಗ್‌ಗೆ ಟ್ರೇಲರ್ ಯಾಕೆ? ಅದು ಓಡುವುದಿಲ್ಲ. ಓಡದ ಕಾರು ಯಾಕೆ ಅಂತ ಅಕ್ಕ ಕೇಳಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.

ಬಡಾವಣೆಯ ಸಂಘದ ನಿಯಮದ ಪ್ರಕಾರ ಟ್ರೇಲರ್ ರಸ್ತೆಗೆ ಕಾಣಬಾರದು. ಹಾಗಾಗಿ ಅದು ಗ್ಯಾರೇಜ್ ಪಕ್ಕದ ಸಂದಿಯಲ್ಲಿ, ಮರದ ಗೇಟಿನ ಒಳಗೆ ಹೋಗಿ ಕೂರಬೇಕು. ಶನಿವಾರ ಮಧ್ಯಾಹ್ನ ಎಲ್ಲರೂ ಹಿತ್ತಿಲಲ್ಲಿ ಚುರುಮುರಿ ತಿನ್ನುತ್ತಾ ಕೂತಿದ್ದೆವು. ಟ್ರೇಲರ್ ಗಲ್ಲಿಯಲ್ಲಿ ಪಿಕಪ್‌ಗೆ ಕಟ್ಟಿಕೊಂಡು ನಿಂತಿತ್ತು. ಅದನ್ನು ಒಳಗೆ ತರುವುದಕ್ಕಿಂತ ಅದರ ಬಗ್ಗೆ ಮಾತಾಡುವುದು ಸುಲಭ ಅಂತ ಎಲ್ಲರಿಗೂ ಗೊತ್ತಿತ್ತು.

ಮೊದಲು ಬಾಯಿ ಹಾಕಿದ್ದು ಮಂಡ್ಯದ ಗೌಡ್ರು. ಕೆಲಸ ಸಾಫ್ಟ್‌ವೇರ್, ಮನಸ್ಸು ಇನ್ನೂ ಕಬ್ಬಿನ ಗದ್ದೆಯಲ್ಲಿ.

"ಇಷ್ಟಕ್ಕೆಲ್ಲ ಮೀಟಿಂಗಾ? ನಮ್ಮೂರಲ್ಲಿ ಟ್ರ್ಯಾಕ್ಟರ್‌ಗೆ ಎರಡೆರಡು ಟ್ರೇಲರ್ ಕಟ್ಟಿ, ಆಕಾಶ ಮುಟ್ಟೋ ಹಾಗೆ ಕಬ್ಬು ತುಂಬಿ ಫ್ಯಾಕ್ಟರಿಗೆ ಹೊಡೀತಾರೆ."

"ಮುಂದಕ್ಕೆ ತಾನೇ ಹೊಡಿಯೋದು? ಎರಡನ್ನೂ ಕಟ್ಟಿಕೊಂಡು ಹಿಂದಕ್ಕೆ ಹೊಡಿಯೋದನ್ನ ನೋಡಿದ್ದೀರಾ?" ಅಂದರು ಭಟ್ರು. ಶಿರಸಿಯವರು, ಮೆಕ್ಯಾನಿಕಲ್ ಇಂಜಿನಿಯರ್. ಎರಡನೇ ಗುಣ ಮೊದಲನೆಯದಕ್ಕಿಂತ ಜಾಸ್ತಿ.

ಗೌಡ್ರು ಚುರುಮುರಿಯಲ್ಲಿ ಕಡಲೆಬೀಜ ಹುಡುಕತೊಡಗಿದರು.

"ನಮ್ಮ ಮುಧೋಳ ಕಡೆ ಜಾತ್ರ್ಯಾಗ ರಿವರ್ಸ್ ಸ್ಪರ್ಧೇನೇ ಇಡ್ತಾರ್ರೀ," ಅಂದರು ಕಾಕಾ. ಮಗನ ಮನೆಗೆ ಆರು ತಿಂಗಳಿಗೆ ಅಂತ ಬಂದವರು. "ಟ್ರ್ಯಾಕ್ಟರ್‌ಗೆ ಟ್ರೇಲರ್ ಕಟ್ಟಿಕೊಂಡು ಹಿಂದಕ್ಕ ಹೊಡೀಬೇಕು. ಜನ ಸಿಳ್ಳೆ ಹೊಡೀತಾರ."

"ಆ ಮೈದಾನ ಎಷ್ಟು ಅಗಲ ಇರುತ್ತೆ ಕಾಕಾ?"

"ಹೊಲಾನ ಐತಲ್ಲ ತಮ್ಮಾ. ಕಣ್ಣು ಹಾಯೋತನ."

ಇಲ್ಲಿ ಗಲ್ಲಿಯ ಕಾಂಕ್ರೀಟ್ ಹನ್ನೆರಡು ಅಡಿಯೂ ಇಲ್ಲ. ಎರಡೂ ಕಡೆ ಮರದ ಬೇಲಿ. ಟ್ರೇಲರ್ ಹಲಗೆ ಹದಿನೆಂಟು ಅಡಿ, ಮೂತಿ ಸೇರಿಸಿದರೆ ಇಪ್ಪತ್ತೆರಡು ದಾಟುತ್ತದೆ. ಮಡ್‌ಗಾರ್ಡ್ ಸೇರಿ ಅಗಲ ಎಂಟೂವರೆ ಅಡಿ. ಅಮೆರಿಕದ ಹೆದ್ದಾರಿಗಳಲ್ಲಿ ಸಾಮಾನ್ಯ ಗಾಡಿಗೆ ಅದಕ್ಕಿಂತ ಜಾಸ್ತಿ ಅಗಲ ಬಿಡುವುದೂ ಇಲ್ಲ. ಮುಂದಿರುವ ಪಿಕಪ್ ಹತ್ತೊಂಬತ್ತು ಅಡಿ. ಎರಡೂ ಸೇರಿ ನಲವತ್ತು ಅಡಿ ಮೀರುವ ಈ ಜೋಡಿ ಹನ್ನೆರಡು ಅಡಿ ಗಲ್ಲಿಯಲ್ಲಿ ಅಡ್ಡ ತಿರುಗಬೇಕು. ಎದುರು ಬೇಲಿಯ ಹಿಂದೆ ಒಬ್ಬ ಅಜ್ಜಿ ಇದ್ದಾರೆ. ಅವರ ಗುಲಾಬಿ ಗಿಡಗಳೂ ಇವೆ.

ಭಟ್ರು ಟಿವಿ ರಿಮೋಟ್ ತರಿಸಿದರು. ರಿಮೋಟ್ ಪಿಕಪ್, ಕೋಡುಬಳೆ ಡಬ್ಬಿಯ ಮುಚ್ಚಳ ಟ್ರೇಲರ್.

"ನೋಡಿ, ಮುಂದಕ್ಕೆ ಎಳೆದರೆ ಮುಚ್ಚಳ ಎಷ್ಟೇ ಸೊಟ್ಟಗಿರಲಿ, ತಾನಾಗೇ ಸರಿಹೋಗುತ್ತೆ. ಹಿಂದಕ್ಕೆ ತಳ್ಳಿದರೆ ಒಂದಿಷ್ಟು ಸೊಟ್ಟಗಿದ್ದದ್ದು ಇನ್ನಷ್ಟು ಸೊಟ್ಟಗಾಗುತ್ತೆ. ಒಂದು ಹಂತ ದಾಟಿದ ಮೇಲೆ ಸ್ಟೀರಿಂಗ್ ಎತ್ತ ತಿರುಗಿಸಿದರೂ ಅದು ಮಡಚಿಕೊಳ್ಳೋದೇ. ಆಗ ಮುಂದಕ್ಕೆ ಹೋಗಿ ನೆಟ್ಟಗೆ ಮಾಡಿಕೊಳ್ಳೋದು ಬಿಟ್ಟು ಬೇರೆ ದಾರಿ ಇಲ್ಲ."

"ಟ್ರೇಲರ್ ಗಿಡ್ಡ ಇದ್ದಷ್ಟೂ ಸುಲಭ ಅಲ್ವಾ?" ಅಂದರು ಭಾವ.

"ಉಲ್ಟಾ. ಗಿಡ್ಡದ್ದು ಕಣ್ಣು ಮಿಟುಕಿಸೋದರೊಳಗೆ ತಿರುಗಿಬಿಡುತ್ತೆ. ಉದ್ದದ್ದು ನಿಧಾನವಾಗಿ ತಿರುಗುತ್ತೆ, ತಿದ್ದೋಕೆ ಟೈಮ್ ಕೊಡುತ್ತೆ. ಜಾಗ ಮಾತ್ರ ಕೇಳುತ್ತೆ."

ಸ್ಟೀರಿಂಗ್ ವಿಷಯದಲ್ಲಿ ಭಟ್ರು ಹೇಳಿದ ಉಪಾಯ ನಿಜಕ್ಕೂ ಒಳ್ಳೆಯದು. ಕೈಯನ್ನು ಸ್ಟೀರಿಂಗ್‌ನ ಕೆಳಗೆ, ಗಡಿಯಾರದಲ್ಲಿ ಆರು ಇರುವ ಜಾಗದಲ್ಲಿ ಇಡಬೇಕು. ಟ್ರೇಲರ್‌ನ ಹಿಂಭಾಗ ಎಡಕ್ಕೆ ಹೋಗಬೇಕಾ, ಕೈ ಎಡಕ್ಕೆ. ಬಲಕ್ಕೆ ಹೋಗಬೇಕಾ, ಬಲಕ್ಕೆ. ತಲೆಯಲ್ಲಿ ಉಲ್ಟಾ ಲೆಕ್ಕ ಹಾಕುವ ಕೆಲಸವೇ ಇಲ್ಲ. ಅದೂ ಸ್ವಲ್ಪ ಸ್ವಲ್ಪ ತಿರುಗಿಸಬೇಕು, ಆಮೆ ನಡಿಗೆಯಲ್ಲಿ ಹೋಗಬೇಕು. ಟ್ರೇಲರ್ ತಿರುಗಲು ಶುರುವಾದ ಕೂಡಲೇ ಸ್ಟೀರಿಂಗ್ ವಾಪಸ್ ತಂದು ಅದರ ಹಿಂದೆಯೇ ಹೋಗಬೇಕು.

ಕಾಕಾ ಇನ್ನೊಂದು ವಿಷಯ ಹಿಡಿದರು. "ತಮ್ಮಾ, ಇಲ್ಲಿ ಡ್ರೈವರ್ ಎಡಕ್ಕ ಕೂಡತಾನ ಹೌದಿಲ್ಲೋ? ನೀವು ಗಲ್ಲಿಯ ಈ ತುದಿಯಿಂದ ಬಂದ್ರ ಮನಿ ಬಲಕ್ಕ ಬರತೈತಿ. ಟ್ರೇಲರ್ ಬಲಕ್ಕ ಹೊಳ್ಳಿದ್ರ ಅದರ ಹಿಂದಿನ ಮೂಲಿ ಕಾಣೂದಿಲ್ಲ. ಒಂದ್ ಸುತ್ತು ಹಾಕಿ ಆ ತುದಿಯಿಂದ ಬರ್ರಿ. ಕಿಟಕಿಯಾಗ ತಲಿ ಹಾಕಿ ನೋಡಬಹುದು."

ಎಲ್ಲರೂ ಸುಮ್ಮನಾದೆವು. ಎರಡು ಡಿಗ್ರಿ, ಮೂರು ಸರ್ಟಿಫಿಕೇಟ್ ಇಟ್ಟುಕೊಂಡವರಿಗೆ ಇದು ಹೊಳೆದಿರಲಿಲ್ಲ.

ಇನ್ನು ಸಿಗ್ನಲ್ ಕೊಡುವವರ ಸಮಸ್ಯೆ. ನನ್ನ ಪ್ರಕಾರ ಇದೇ ದೊಡ್ಡದು. ಟ್ರೇಲರ್ ಒಂದೇ, ಬೇಲಿ ಎರಡೇ, ಸಿಗ್ನಲ್ ಕೊಡುವವರು ಮಾತ್ರ ಅಲ್ಲಿದ್ದವರೆಲ್ಲ. ಗೌಡ್ರು "ಬರಲಿ ಬರಲಿ" ಅಂತ ಕೈ ಬೀಸಿದರೆ ಭಟ್ರು "ಎಡಕ್ಕೆ" ಅನ್ನುತ್ತಾರೆ. ಯಾವುದರ ಎಡ? ಸ್ಟೀರಿಂಗ್‌ದಾ, ಟ್ರೇಲರ್‌ದಾ, ಅಥವಾ ಎದುರು ನಿಂತಿರುವ ಭಟ್ರದಾ? ಕಾಕಾ "ಹೋಲ್ಡಾನ್" ಅಂತ ಟ್ರೇಲರ್ ಬಡಿಯುವ ಹೊತ್ತಿಗೆ ಪಿಕಪ್ ಒಳಗೆ ಭಾವನ ಬಿಪಿ ಏರಿರುತ್ತದೆ.

"ನಮ್ಮ ಬಸ್ ಕಂಡಕ್ಟರ್‌ಗಳನ್ನ ನೋಡಿ ಕಲಿಯಿರಿ," ಅಂದಳು ಅಕ್ಕ. "ಒಬ್ಬನೇ ಹಿಂದೆ ಇಳಿದು ನಿಂತು, ಸೀಟಿ ಊದಿ, ಅಷ್ಟುದ್ದದ ಬಸ್ಸನ್ನ ಸ್ಟ್ಯಾಂಡ್ ಒಳಗೆ ಸೇರಿಸ್ತಾನೆ. ಮೂವತ್ತು ಜನ ಪ್ಯಾಸೆಂಜರ್ ಇಳಿದು ಸಲಹೆ ಕೊಡಲ್ಲ."

ನಿಯಮ ಆಯಿತು. ಸಿಗ್ನಲ್ ಅಕ್ಕ ಒಬ್ಬಳೇ ಕೊಡಬೇಕು. ಕನ್ನಡಿಯಲ್ಲಿ ಅಕ್ಕ ಕಾಣದಿದ್ದರೆ ಭಾವ ಬ್ರೇಕ್ ಒತ್ತಬೇಕು. ಮದುವೆಯಾದ ಇಷ್ಟು ವರ್ಷಗಳಲ್ಲಿ ಇಂಥ ಒಪ್ಪಂದ ಇದೇ ಮೊದಲು ಅಂತ ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು.

ಗೌಡ್ರು ಅಷ್ಟರಲ್ಲಿ ಫೋನ್ ತೆಗೆದಿದ್ದರು. "ಫೋರ್ಡ್‌ನವರು 2016ರ ಎಫ್-150ಯಲ್ಲೇ ಇದಕ್ಕೊಂದು ಗುಂಡಿ ಕೊಟ್ಟಿದ್ದಾರೆ ನೋಡಿ. ರೇಡಿಯೋ ತಿರುಗಿಸಿದ ಹಾಗೆ ಗುಂಡಿ ತಿರುಗಿಸಿದರೆ ಸಾಕು, ಸ್ಟೀರಿಂಗ್ ತಾನೇ ತಿರುಗುತ್ತೆ, ಟ್ರೇಲರ್ ಹೇಳಿದ ಕಡೆ ಹೋಗುತ್ತೆ."

ಭಾವನ ಮುಖ ಅರಳಿತು. ಹೊಸ ಪಿಕಪ್ ತರಲು ಕಾರಣ ಸಿಕ್ಕಿತಲ್ಲ. ಅಕ್ಕ ಒಂದು ಸಲ ನೋಡಿದಳು, ಮುಖ ಮೊದಲಿನಂತಾಯಿತು. ನನ್ನನ್ನು ಕೇಳಿದರೆ ಆ ಗುಂಡಿ ತಲೆಯ ಗೊಂದಲ ಬಿಡಿಸುತ್ತದೆ, ಬೇಲಿ ಸರಿಸುವುದಿಲ್ಲ. ಟ್ರೇಲರ್ ಎಡಕ್ಕೆ ಹೊರಳಿ ನೆಟ್ಟಗೆ ಒಳಗೆ ಹೋಗಬೇಕಾದರೆ ಪಿಕಪ್‌ನ ಮೂತಿ ಬಲಕ್ಕೆ ಬೀಸಲೇಬೇಕು. ಬಲಕ್ಕೆ ಅಜ್ಜಿಯ ಗುಲಾಬಿ.

"ಹಾಗಾದರೆ ಮೂತಿ ಮುಂದಾಗಿ ಒಳಗೆ ಎಳೆದುಕೊಂಡು ಹೋಗಿಬಿಡೋಣ," ಅಂದರು ಭಾವ.

"ಎಳೀಬಹುದು. ಪಿಕಪ್ ಹೊರಗೆ ಹೇಗೆ ಬರುತ್ತೆ?"

"..."

"ಪಿಕಪ್‌ನ ಮುಂದಿನ ಬಂಪರ್‌ಗೆ ಹಿಚ್, ಅಂದರೆ ಟ್ರೇಲರ್ ಕಟ್ಟೋ ಕೊಂಡಿ ಹಾಕಿಸಿ, ಎದುರಿಗೆ ನೋಡ್ತಾ ತಳ್ಳೋ ಪದ್ಧತಿ ಇದೆ," ಅಂದರು ಭಟ್ರು. "ತಿರುಗೋ ಚಕ್ರ ಹಿಚ್‌ಗೆ ಹತ್ತಿರ ಇರುತ್ತೆ, ಕಣ್ಣೆದುರೇ ಎಲ್ಲ ಕಾಣುತ್ತೆ. ದೋಣಿ ಇಟ್ಟುಕೊಂಡವರು ಮಾಡ್ತಾರೆ." ಮತ್ತೆ ತಾವೇ ಗಲ್ಲಿ ಕಡೆ ನೋಡಿದರು. "ಆದರೆ ಪಿಕಪ್ ಉದ್ದ ಅಷ್ಟೇ ಇರುತ್ತಲ್ಲ."

ಆಗ ಗೌಡ್ರು ತಟ್ಟೆ ಕೆಳಗಿಟ್ಟರು. "ಒಂದು ಮಾತು ಕೇಳ್ತೀನಿ. ಎತ್ತಿನ ಗಾಡೀನ ಕೊಟ್ಟಿಗೆ ಪಕ್ಕ ಹಿಂದಕ್ಕೆ ಸೇರಿಸಬೇಕಾದರೆ ನಮ್ಮಪ್ಪ ಎತ್ತು ಕಟ್ಟಿಕೊಂಡೇ ಒದ್ದಾಡ್ತಿದ್ದರಾ? ಎತ್ತು ಬಿಚ್ಚಿ, ಮೂಕಿ ಹಿಡಿದು, ಇಬ್ಬರು ಚಕ್ರಕ್ಕೆ ಕೈ ಕೊಟ್ಟರೆ ಗಾಡಿ ಒಳಗೆ. ನಾವು ಪಿಕಪ್‌ನ ಯಾಕೆ ಬಿಚ್ಚಬಾರದು?"

ಮಧ್ಯಾಹ್ನದಿಂದ ಆಡಿದ ಮಾತಿನಲ್ಲಿ ಕೆಲಸಕ್ಕೆ ಬಂದದ್ದು ಇದೇ. ಪಿಕಪ್ ಬಿಚ್ಚಿದರೆ ಹತ್ತೊಂಬತ್ತು ಅಡಿ ಒಂದೇ ಏಟಿಗೆ ಕಡಿಮೆ. ಟ್ರೇಲರ್ ಮೂತಿಯ ಕೆಳಗೆ ಎರಡು ಚಕ್ರದ ಕೈಗಾಡಿ ಕೊಟ್ಟರೆ ಮೂತಿಯನ್ನು ಎತ್ತ ಬೇಕಾದರೂ ತಿರುಗಿಸಬಹುದು. ಇಲ್ಲಿ ಅದಕ್ಕೆ ಡಾಲಿ ಅನ್ನುತ್ತಾರೆ.

ಭಟ್ರು ಟಿಶ್ಯೂ ಪೇಪರ್ ಮೇಲೆ ಲೆಕ್ಕ ಶುರುಮಾಡಿದರು. ಖಾಲಿ ಟ್ರೇಲರ್ ಹತ್ತಿರ ಹತ್ತಿರ 900 ಕೆಜಿ. ಸಮತಟ್ಟು ಕಾಂಕ್ರೀಟ್ ಮೇಲೆ, ಗಾಳಿ ತುಂಬಿದ ಟೈರ್ ಇದ್ದರೆ, ಉರುಳಿಸಲು ಹದಿನೈದು-ಇಪ್ಪತ್ತು ಕೆಜಿಯಷ್ಟು ತಳ್ಳಿದರೆ ಸಾಕು. ನಾವೆಲ್ಲ ಎದೆ ಉಬ್ಬಿಸಿದೆವು.

"ನಿಲ್ಲಿ. ಡ್ರೈವ್‌ವೇ ಗಲ್ಲಿ ಕಡೆಗೆ ಇಳಿಜಾರು. ಇಪ್ಪತ್ತು ಅಡಿಗೆ ಒಂದಡಿ ಅಂದರೂ ಅದಕ್ಕೇ ಇನ್ನು 45 ಕೆಜಿ ಸೇರಿಸಿ. ಮೇಲೆ ಮಸ್ಟಾಂಗ್ ಇದ್ದರೆ ಒಟ್ಟು ತೂಕ ಎರಡು ಟನ್ ದಾಟುತ್ತೆ. ಆಗ ಇಳಿಜಾರಿಗೇ 100 ಕೆಜಿ ಮೀರುತ್ತೆ. ಅದು ತಳ್ಳೋ ಲೆಕ್ಕ ಮಾತ್ರ. ಕೈ ಜಾರಿದರೆ?"

ಎಲ್ಲರೂ ಅಜ್ಜಿಯ ಬೇಲಿ ನೋಡಿದೆವು.

"ಬ್ರೇಕ್ ಐತಲ್ಲ?" ಅಂದರು ಕಾಕಾ.

ಅಲ್ಲೇ ಇರುವುದು ತಮಾಷೆ. ಈ ಟ್ರೇಲರ್‌ನ ಬ್ರೇಕ್ ಕರೆಂಟಿನದ್ದು. ಅದು ಕೆಲಸ ಮಾಡುವುದು ಪಿಕಪ್ ಹೇಳಿದಾಗ. ಬಿಚ್ಚಿದ ಮೇಲೆ ಹೇಳುವವರಿಲ್ಲ. ದಾರಿಯಲ್ಲಿ ಕಳಚಿಕೊಂಡರೆ ಅಂತ ಮೂತಿಯ ಹತ್ತಿರ ಒಂದು ಪುಟ್ಟ ಬ್ಯಾಟರಿ, ಅದಕ್ಕೊಂದು ತಂತಿ ಇರುತ್ತದೆ. ತಂತಿ ಕಿತ್ತರೆ ಬ್ರೇಕ್ ಹಿಡಿಯುತ್ತದೆ. ಫೆಡರಲ್ ನಿಯಮದಲ್ಲಿ ಅದು ಕನಿಷ್ಠ 15 ನಿಮಿಷ ಹಿಡಿದಿರಬೇಕು ಅಂತಿದೆ. ತುರ್ತಿಗೆ ಸರಿ, ಅದನ್ನೇ ನಂಬಿ ಚುರುಮುರಿಗೆ ಮರಳುವಂತಿಲ್ಲ.

ಕೊನೆಗೆ ಕೆಲಸ ಹಂಚಿದ್ದು ಹೀಗೆ. ಮಸ್ಟಾಂಗ್ ಇರುವಾಗ ಟ್ರೇಲರ್ ಮುಟ್ಟುವಂತಿಲ್ಲ, ಮೊದಲು ಕಾರು ಇಳಿಯಬೇಕು. ಪಿಕಪ್ ಬಿಚ್ಚುವ ಮೊದಲೇ ಚಕ್ರಗಳಿಗೆ ಅಡೆ ಕೊಡಬೇಕು, ಬಿಚ್ಚಿದ ಮೇಲಲ್ಲ. ಡಾಲಿ ಹಿಡಿದು ಮೂತಿ ತಿರುಗಿಸುವುದು ಗೌಡ್ರು. ತಳ್ಳುವುದು ನಾನು, ಭಾವ, ಭಟ್ರು. ಕಾಕಾ ಪಕ್ಕದಲ್ಲಿ ನಡೆಯುತ್ತಾ, ಒಂದೊಂದು ಅಡಿಗೂ ಉದ್ದ ಕೋಲಿನಿಂದ ಮರದ ತುಂಡನ್ನು ಚಕ್ರದ ಗಲ್ಲಿ ಕಡೆಗೆ ನೂಕುವುದು. ಟ್ರೇಲರ್‌ನ ಇಳಿಜಾರಿನ ಕಡೆ ಮಕ್ಕಳು, ನಾಯಿ, ವಿಡಿಯೋ ಮಾಡುವವರು ಯಾರೂ ನಿಲ್ಲುವಂತಿಲ್ಲ.

ಒಳಗೆ ಹೋಯಿತಾ? ಹೋಯಿತು. ಮೂತಿ ಜೋರಾಗಿ ತಿರುಗಿಸಿದಾಗ ಮಾತ್ರ ಜೋಡಿ ಆಕ್ಸಲ್‌ನ, ಅಂದರೆ ಎರಡು ಅಚ್ಚಿನ, ಟೈರುಗಳು ಅಡ್ಡಕ್ಕೆ ಉಜ್ಜಿ ಕಿರ್ರೆಂದವು. ಕಾಂಕ್ರೀಟ್ ಮೇಲೆ ಕಪ್ಪು ಗೀರು ಬಿತ್ತು. ಎರಡು ಆಕ್ಸಲ್ ಇದ್ದರೆ ಇದು ತಪ್ಪಿದ್ದಲ್ಲ. ಒಂದೇ ಸಲ ತಿರುಗಿಸದೆ ಹಿಂದೆ ಮುಂದೆ ಉರುಳಿಸುತ್ತಾ ತಿರುಗಿಸಿದರೆ ಕಡಿಮೆ. ಎದುರು ಮನೆಯ ಅಜ್ಜಿ ಬೇಲಿ ಮೇಲಿಂದ ಎಲ್ಲವನ್ನೂ ನೋಡಿ, ನಮಗೆಲ್ಲ ಲೆಮನೇಡ್ ಕಳಿಸಿದರು. ಗುಲಾಬಿ ಉಳಿದ ಖುಷಿಗೆ ಇರಬೇಕು.

"ಮುಂದಿನ ಸಲಕ್ಕೆ ಮೋಟಾರ್ ಇರೋ ಡಾಲಿ ತರ್ತೀನಿ," ಅಂದರು ಭಾವ, ಬೆವರು ಒರೆಸುತ್ತಾ. "ಒಬ್ಬನೇ ನಿಂತು ಬಟನ್ ಒತ್ತಿದರೆ ಆಯ್ತು."

ಅಕ್ಕ ಲೋಟ ಎತ್ತುತ್ತಿದ್ದವಳು ನಿಂತಳು. "ರೀ, ಈ ಟ್ರೇಲರ್ ವರ್ಷಕ್ಕೆ ಎಷ್ಟು ಸಲ ಬೇಕಾಗುತ್ತೆ?"

"ಒಂದು… ಎರಡು ಸಲ."

"ಬಾಡಿಗೆಗೆ ಸಿಗಲ್ವಾ?"

ಸಿಗುತ್ತದೆ. ಯು-ಹಾಲ್ ಅಂಗಡಿಗಳಲ್ಲೇ ಕಾರು ಸಾಗಿಸುವ ಟ್ರೇಲರ್ ಬಾಡಿಗೆಗೆ ಸಿಗುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

"ಬಾಡಿಗೇದು ನಮ್ಮದಾಗಲ್ವಲ್ಲ," ಅಂದರು ಭಾವ, ಮೆಲ್ಲಗೆ.

ಗೌಡ್ರು ಸಹಾಯಕ್ಕೆ ಬಂದರು. "ಹೌದು ಅಕ್ಕಾವ್ರೆ. ಸ್ವಂತದ್ದು ಅಂದರೆ ಅದರ ಗತ್ತೇ ಬೇರೆ. ನಮ್ಮ ಕಡೆ ಮನೆ ಮುಂದೆ ಸ್ವಂತ ಟ್ರ್ಯಾಕ್ಟರ್, ಟ್ರೇಲರ್ ನಿಂತಿದ್ದರೆ ಹೆಣ್ಣು ಕೊಡೋರು ತಾವಾಗೇ ಹುಡುಕಿಕೊಂಡು ಬರ್ತಿದ್ದರು."

"ಇವರಿಗೆ ಹೆಣ್ಣು ಕೊಟ್ಟು ಹತ್ತೊಂಬತ್ತು ವರ್ಷ ಆಯ್ತು ಗೌಡ್ರೇ," ಅಂದಳು ಅಕ್ಕ. "ಆಗ ಇವರ ಹತ್ತಿರ ಸೈಕಲ್ಲೂ ಇರಲಿಲ್ಲ."