ಅಪ್‌ಡೇಟ್: ಪಿಕಪ್ಪಿನ ಟಯರ್ ಲೈಟು ಕಡೀಗೆ ಆರಿತು

ಹೋದ ವಾರ ಕೇಳಿದ್ನಲ್ರೀ, ಸೇಡಂದಿಂದ ಕಲಬುರಗಿಗೆ ತೊಗರಿ ಹೇರ್ಕೊಂಡು ಹೊಂಟಾಗ ಮುಂಜಾನೆ ಟಯರಿನ ಹವಾ ಕಡಿಮಿ ಅಂತ ತೋರ್ಸೋ ಮೀಟರಿನ ಹಳದಿ ಲೈಟು ಹತ್ತತದ, ಬಿಸಿಲೇರಿದ ಮ್ಯಾಲೆ ತಾನೇ ಆರತದ ಅಂತ. ಟಯರಿನಾಗ ಹವಾ ಅಳಿಯೋ ಸೆನ್ಸಾರೇ ಕೆಟ್ಟದ ಅಂತ ಹಟ ಹಿಡಿದಿದ್ದೆ. ತಪ್ಪು ನಂದೇ.

ನೀವು ಹೇಳಿದ್ಹಂಗ ನೋಡಿದೆ. ಸೆನ್ಸಾರ್ ಕೆಟ್ಟಿದ್ರ ಚಾವಿ ತಿರುವಿದ ಮ್ಯಾಲೆ ಲೈಟು ಒಂದು ನಿಮಿಷದಷ್ಟು ಮಿಣುಕಿ, ಆಮ್ಯಾಲೆ ಹತ್ತೇ ಇರ್ತದ. ನಂದು ಮಿಣುಕಲೇ ಇಲ್ಲ. ಅಂದ್ರ ಹವಾನೇ ಕಡಿಮಿ.

ನಾನು ಹವಾ ಹೊಡಿಸ್ತಿದ್ದದ್ದು ಮಧ್ಯಾಹ್ನ, ಟಯರ್ ಕಾದಾಗ. ಸುಮಾರು 6 ಡಿಗ್ರಿ ತಂಪಾದ್ರ ಹವಾ 1 ಪಿಎಸ್‌ಐ (ಹವಾ ಒತ್ತಡದ ಅಳತಿ) ಇಳೀತದ. ನಮ್ಮ ಚಳಿಗಾಲದಾಗ ಮಧ್ಯಾಹ್ನಕ್ಕೂ ಮುಂಜಾನಿಗೂ ಎಷ್ಟು ಫರಕು ಅಂತ ನಿಮಗೇ ಗೊತ್ತು. ಈಗ ಗಾಡಿ ತಗಿಯೋ ಮೊದಲೇ, ಟಯರ್ ತಣ್ಣಗಿದ್ದಾಗ, ಡ್ರೈವರ್ ಬಾಗಲದ ಸ್ಟಿಕ್ಕರಿನಾಗ ಬರೆದಷ್ಟು ಹವಾ ತುಂಬತೀನಿ.

ಆದ್ರೂ ಹಿಂದಿನ ಎಡಗಡೀದು ಎರಡು ದಿನಕ್ಕ 3 ಪಿಎಸ್‌ಐ ಇಳೀತು. ಸಬಕಾರದ ನೀರು ಹಾಕಿದ್ರ ವಾಲ್ವ್ ಬಾಯಾಗ ಗುಳ್ಳಿ! ಪಂಕ್ಚರ್ ಅಂಗಡಿ ಕಾಕಾ ವಾಲ್ವಿನೊಳಗಿನ ಪಿನ್ನು ಬದಲಿ ಮಾಡಿದ್ರು. ಸಾದಾ ಹಿತ್ತಾಳಿದು ಬ್ಯಾಡ, ಸೆನ್ಸಾರಿನ ಅಲ್ಯೂಮಿನಿಯಂ ವಾಲ್ವಿನಾಗ ಅದು ಹಿಡಕೊಂಡು ಕೂಡತದ, ನಿಕಲ್ ಲೇಪದ್ದೇ ಹಾಕ್ಬೇಕಂದ್ರು.

ನಾಕು ದಿನ ಆತು, ಲೈಟಿಲ್ಲ. ಸ್ಟೆಪ್ನಿ ಹವಾ ನೋಡೋದೊಂದು ಉಳದದ.