‘ಕ್ರ್ಯಾಶ್’ಗೆ ಅಪಘಾತ ಸಾಕೇ, ಡಿಕ್ಕಿ ಬೇಕೇ?

ಗೆಳೆಯರೇ,
ರಸ್ತೆ ಸುರಕ್ಷತೆಯ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಕೊಡಬೇಕು. ‘ಆಕ್ಸಿಡೆಂಟ್’ ಬೇಡ, ‘ಕ್ರ್ಯಾಶ್’ ಎನ್ನಿ ಎಂಬ ಸೂಚನೆ ಇದೆ. ಕುಡಿದು ಗಾಡಿ ಓಡಿಸಿ ಗುದ್ದಿದ್ದು ಆಕಸ್ಮಿಕ ಹೇಗಾಗುತ್ತೆ ಎಂಬುದು ಅವರ ವಾದ. ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲೇ ಆ ಪದ ಬೇಡ ಎಂದಿತ್ತು. ನಾನು ‘ಅಪಘಾತ’ ಬಿಟ್ಟು ಏನು ಹಾಕಲಿ? ‘ಕ್ರ್ಯಾಶ್’ ಅಂತಲೇ ಇಡಲೇ?

> ‘ಅಪಘಾತ’ ಬಿಟ್ಟು ಏನು ಹಾಕಲಿ?

ಬಿಡೋದೇ ಬೇಡ. ಅದರಲ್ಲಿರುವುದು ‘ಘಾತ’, ಅಂದರೆ ಹೊಡೆತ. ತಾನಾಗೇ ಆಯ್ತು ಎಂಬ ಅರ್ಥ ‘ಆಕಸ್ಮಿಕ’ದ್ದು, ‘ಬೆಂಕಿ ಆಕಸ್ಮಿಕ’ ಅಂತೀವಲ್ಲ, ಹಾಗೆ. ಇಂಗ್ಲಿಷಿನ ಜಗಳವನ್ನು ನಮ್ಮ ಪದದ ತಲೆಗೆ ಸುಮ್ನೆ ಯಾಕೆ ಕಟ್ಟಬೇಕು?

> ಬಿಡೋದೇ ಬೇಡ.

ಬಿಡಬೇಕು. ಅದು ಸಂಸ್ಕೃತ. ‘ಡಿಕ್ಕಿ’ ಇದೆಯಲ್ಲ? ಟಗರು ಡಿಕ್ಕಿ ಹೊಡೆಯುತ್ತದೆ. ತೆಲುಗಿನಲ್ಲಿ ‘ಢೀ’ ಇದೆ. ಈ ನೆಲದ್ದೇ ಪದ. ‘ಢಿಕ್ಕಿ’ ಎಂದು ಮಹಾಪ್ರಾಣ ಹಚ್ಚುವವರಿಗೆ ದೊಡ್ಡ ನಮಸ್ಕಾರ. ಕಾರಿನ ಹಿಂದಿನ ಡಿಕ್ಕಿ ಇಂಗ್ಲಿಷಿನಿಂದ ಬಂದದ್ದು, ಎರಡಕ್ಕೂ ಗಂಟು ಹಾಕಬೇಡಿ.

> ತೆಲುಗಿನಲ್ಲಿ ‘ಢೀ’ ಇದೆ.

ಸಾಕ್ಷಿಗೆ ಮಹಾಪ್ರಾಣ ಆಗುತ್ತೆ, ಬರೆಯೋಕೆ ಆಗಲ್ಲ, ಅಲ್ವಾ? ಇರಲಿ. ಡಿಕ್ಕಿಗೆ ಎದುರು ಏನಾದರೂ ಬೇಕು. ಬೈಕು ಮರಳಲ್ಲಿ ಜಾರಿದರೆ? ಬಸ್ಸು ಪಲ್ಟಿಯಾದರೆ? 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು. ಇಂಗ್ಲಿಷಿನಲ್ಲಿ ಅದೂ ‘ಕ್ರ್ಯಾಶ್’. ನಾವು ‘ವಿಮಾನ ದುರಂತ’ ಎಂದೆವು, ಡಿಕ್ಕಿ ಎನ್ನಲಿಲ್ಲ. ಷೇರುಪೇಟೆಯಾದರೆ ಕುಸಿಯುತ್ತದೆ, ಸರ್ವರ್ ಆದರೆ ಕೈಕೊಡುತ್ತದೆ. ಒಂದು ಪದಕ್ಕೆ ಒಂದೇ ಪದ ಹುಡುಕುವ ಚಟ ಬಿಡಿ.

> ಬಸ್ಸು ಪಲ್ಟಿಯಾದರೆ?

‘ಪಲ್ಟಿ’ ಕನ್ನಡವಲ್ಲ. ‘ಮಗುಚು’ ಇನ್ನೂ ಸತ್ತಿಲ್ಲ.

> ‘ಮಗುಚು’ ಇನ್ನೂ ಸತ್ತಿಲ್ಲ.

ಸರಿ ಸ್ವಾಮಿ. ‘ಬಸ್ಸೂ’ ಕನ್ನಡವಲ್ಲ. ಏನನ್ನು ಮಗುಚುತ್ತೀರಿ?

ಇಬ್ಬರಿಗೂ ಥ್ಯಾಂಕ್ಸ್. ಬಸ್ಸಿನ ಜಗಳ ನೀವೇ ಮುಗಿಸಿಕೊಳ್ಳಿ, ನನಗೆ ಹೊತ್ತಿಲ್ಲ. ತಲೆಬರಹದಲ್ಲಿ ‘ಅಪಘಾತ’ ಉಳಿಸಿದೆ. ಆದರೆ ತೊಡಕು ಬೇರೆ ಕಡೆ ಇದೆ ಅನಿಸಿತು. ‘ಲಾರಿ ಡಿಕ್ಕಿ: ಬೈಕ್ ಸವಾರ ಸಾವು’ ಅಂತ ದಿನಾ ಓದುತ್ತೇವೆ. ಬೈಕಿಗೆ ಸವಾರನಿದ್ದಾನೆ, ಲಾರಿಗೆ ಡ್ರೈವರೇ ಇಲ್ಲ! ಹಾಗಾಗಿ ಒಳಗೆಲ್ಲ ‘ಚಾಲಕ ಲಾರಿಯನ್ನು ಬೈಕಿಗೆ ಗುದ್ದಿಸಿದ’ ಎಂದು ತಿದ್ದಿದ್ದೇನೆ. ‘ಗುದ್ದಿಸಿದ’ಕ್ಕೆ ತಕರಾರಿದ್ದರೆ ಐದು ಗಂಟೆಯೊಳಗೆ ಹೇಳಿ.